ಮಗಳಿಗೊಂದು ಪತ್ರ: ನೀನು ಕಳಿಸಿದ ಕಾದಂಬರಿಗಳು

ಶಿರಸಿ

ಪ್ರೀತಿಯ ಕೂಸೆ,

ನೀನು ಬೆಂಗಳೂರಿನಿಂದ ಕಳಿಸಿದ ನಾಲ್ಕೂ ಕಾದಂಬರಿ ಓದಿಯಾಯಿತು. ಕೇಳಿದಾಗೆಲ್ಲ ‘ಚೆನ್ನಾಗಿದೆ’ ಎಂದಷ್ಟೇ ಹೇಳ್ತೆ ಎಂದು ನಿನ್ನ ದೂರು. ಫೋನಿನಲ್ಲಿ ಮಾತು ಹದಕ್ಕೆ ಬರುವಷ್ಟರಲ್ಲಿ ನಿನಗೆ ಮೀಟಿಂಗು ಬರುತ್ತದೆ, ಇಲ್ಲವೇ ನಮ್ಮಲ್ಲಿ ನೆಟ್‌ವರ್ಕ್ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಹೊಗಳಿದ್ದಾರೆಂದು ನಾನೂ ಹೊಗಳುವವಳಲ್ಲ, ಬಹಳ ಪ್ರತಿ ಖರ್ಚಾಗಿದೆ ಎಂಬ ಕಾರಣಕ್ಕೇ ಮೂಗು ಮುರಿಯುವವಳೂ ಅಲ್ಲ. ಜನ ಇನ್ನೂ ದುಡ್ಡು ಕೊಟ್ಟು ಕನ್ನಡದ ದಪ್ಪ ದಪ್ಪ ಕಾದಂಬರಿ ತರಿಸಿಕೊಂಡು ಓದುತ್ತಾರೆ ಎಂದರೆ ನನಗೆ ಖುಷಿಯೇ.

ಮೊದಲು ಎತ್ತಿಕೊಂಡದ್ದು ಗಜಾನನ ಶರ್ಮರ ‘ಚೆನ್ನಭೈರಾದೇವಿ’. ತವರು ಮಿರ್ಜಾನಿನ ಹತ್ತಿರ, ಕೊಟ್ಟ ಮನೆ ಘಟ್ಟದ ಮೇಲೆ, ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ತೋಟದಲ್ಲಿ. ಅಂಥವಳ ಕೈ ಬೇರೆ ಪುಸ್ತಕಕ್ಕೆ ಹೋಗುವುದಾದರೂ ಹೇಗೆ? ಸಣ್ಣವಳಿದ್ದಾಗ ಮಿರ್ಜಾನ್ ಕೋಟೆಯ ಚಿರೆಕಲ್ಲಿನ ಗೋಡೆ ಹತ್ತಿ ಆಡಿದ್ದೇವೆ. ಅದು ಯಾರ ಕೋಟೆ ಎಂದು ಕೇಳಿದರೆ ‘ಯಾವುದೋ ರಾಣಿಯದಂತೆ’ ಎನ್ನುತ್ತಿದ್ದರು, ಅಷ್ಟೇ. ಕಿತ್ತೂರು ಚೆನ್ನಮ್ಮ ಗೊತ್ತಿತ್ತು, ಉಳ್ಳಾಲದ ಅಬ್ಬಕ್ಕ ಗೊತ್ತಿತ್ತು. 1552ರಿಂದ 1606ರವರೆಗೆ, 54 ವರ್ಷ ಗೇರುಸೊಪ್ಪೆಯನ್ನು ಆಳಿದವಳು, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದವಳು ನಮ್ಮೂರಿನವರಿಗೇ ಗೊತ್ತಿರಲಿಲ್ಲ. ಇವತ್ತು ಓದುವವರ ಮನೆಗಳಲ್ಲಿ ಅವಳ ಹೆಸರು ಓಡಾಡುತ್ತಿದ್ದರೆ ಅದರಲ್ಲಿ ಈ ಕಾದಂಬರಿಯ ಪಾಲು ದೊಡ್ಡದು. ಆ ಋಣ ನನಗಿದೆ.

ಆದರೆ ಪುಸ್ತಕದ ಹೆಸರಿನ ಜೊತೆಗೇ ‘ಕರಿಮೆಣಸಿನ ರಾಣಿಯ ಅಕಳಂಕ ಚರಿತೆ’ ಎಂದು ಸೇರಿಸಿದ್ದಾರಲ್ಲ, ನನ್ನ ತಕರಾರು ಅಲ್ಲಿಂದಲೇ ಶುರು. ಅವಳ ಮೇಲೆ ಹೊರಿಸಿದ್ದನ್ನು ತೊಳೆಯಬೇಕೆಂಬ ಲೇಖಕರ ಹಟ ನನಗೆ ಅರ್ಥವಾಗುತ್ತದೆ. ಹೆಣ್ಣೊಬ್ಬಳು ಗದ್ದುಗೆಯಲ್ಲಿ ಕೂತರೆ ಊರಿನ ಬಾಯಿ ಮೊದಲು ಹೋಗುವುದು ಅವಳ ನಡತೆಯ ಕಡೆಗೇ. ಹಾಗೆಂದು ಮೈಲಿಗೆಯಿಲ್ಲದ ದೇವಿಯನ್ನು ನಿಲ್ಲಿಸಿದರೆ ನಾನು ಕೈ ಮುಗಿದೇನು, ಹತ್ತಿರ ಹೋಗಿ ಕೂರಲಾರೆ. ಅಷ್ಟು ವರ್ಷ ರಾಜ್ಯವಾಳಿದವಳು ಒಮ್ಮೆಯಾದರೂ ತಪ್ಪು ಮನುಷ್ಯನನ್ನು ನಂಬಿರಬೇಕು, ಒಮ್ಮೆಯಾದರೂ ಹೊಟ್ಟೆಕಿಚ್ಚಿನಿಂದ ತೀರ್ಪು ಕೊಟ್ಟಿರಬೇಕು. ಒಂದು ಕಡೆ ಪೋರ್ಚುಗೀಸರು, ಇನ್ನೊಂದು ಕಡೆ ಕೆಳದಿಯವರು. ನಡುವೆ ನಿಂತವಳಿಗೆ ರಾತ್ರಿ ಎಂಥ ಭಯವಾಗುತ್ತಿತ್ತು? ಅದನ್ನೇ ಪುಟ ಪುಟದಲ್ಲೂ ಹುಡುಕಿದೆ. ಅವಳ ಜಾಣತನ, ಔದಾರ್ಯ, ಧೈರ್ಯ ಎಲ್ಲ ಧಾರಾಳವಾಗಿ ಸಿಕ್ಕವು. ಭಯ ಸಾಕಷ್ಟು ಸಿಗಲಿಲ್ಲ.

ಇನ್ನೊಂದು ಮಾತು. ಬಳ್ಳಿ ಹತ್ತಿ ಮೆಣಸು ಕೊಯ್ದವರು, ಒಣಗಿಸಿ ಗೋಣಿಗೆ ತುಂಬಿದವರು, ತಲೆಹೊರೆಯಲ್ಲೋ ಎತ್ತಿನ ಬೆನ್ನ ಮೇಲೋ ಘಟ್ಟ ಇಳಿಸಿ ಬಂದರು ಮುಟ್ಟಿಸಿದವರು ಇದ್ದರಲ್ಲ, ಅವರ ಜೊತೆ ನಾನು ಇನ್ನಷ್ಟು ಹೊತ್ತು ಇರಬೇಕಿತ್ತು. ಬಳ್ಳಿಗೆ ಸೊರಗು ರೋಗ ಬಿದ್ದ ವರ್ಷ ತೋಟದ ಮನೆ ಹೇಗಿರುತ್ತದೆ ಎಂದು ನಿನಗೆ ಹೇಳಬೇಕಿಲ್ಲ. ಆ ಕಾಲದಲ್ಲೂ ಬಳ್ಳಿ ಸತ್ತಿರಬೇಕು, ರಾಣಿಗೆ ಸಲ್ಲಬೇಕಾದ ಪಾಲು ಕೊಡಲಾಗದೆ ಯಾರೋ ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿರಬೇಕು. ನನಗೆ ಬೇಕಾದ ರಾಣಿ ಆ ಅಂಗಳದಲ್ಲಿ ಏನು ಮಾಡಿದಳು ಎಂಬುದರಲ್ಲಿ ಇದ್ದಾಳೆ.

ನಮ್ಮ ಹನೇಹಳ್ಳಿಯ ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ನೀನು ಇನ್ನೂ ಓದಿಲ್ಲ. 1979ರ ಕಾದಂಬರಿ. ಅದರ ನಾಗಪ್ಪ ಸಂಶಯದ ಪ್ರಾಣಿ, ಅಂಜುಬುರುಕ, ತಲೆಯೊಳಗೇ ನೂರು ಜಗಳ ಆಡುವವನು. ಆದರೂ ಅವನನ್ನು ಬಿಟ್ಟು ಏಳಲಾಗುವುದಿಲ್ಲ. ಕಾದಂಬರಿ ಎಂದರೆ ನನಗೆ ಬೇಕಾದದ್ದು ಅದು.

ವಸುಧೇಂದ್ರರ ‘ತೇಜೋ ತುಂಗಭದ್ರಾ’ ಹಿಡಿದ ದಿನ ನಿನ್ನ ಅಪ್ಪಯ್ಯ ಎರಡು ಸಲ ಕರೆದರೂ ಊಟಕ್ಕೆ ಏಳಲಿಲ್ಲ. ಲಿಸ್ಬನ್ ಒಂದು ದಡ, ವಿಜಯನಗರದ ಸೀಮೆ ಇನ್ನೊಂದು ದಡ, ನಡುವೆ ಗೋವೆ. ಹಡಗಿನ ಪ್ರಯಾಣದ ಭಾಗವಿದೆಯಲ್ಲ, ಅಂಥ ಬರವಣಿಗೆಯನ್ನು ನಾನು ಕನ್ನಡದಲ್ಲಿ ಹೆಚ್ಚು ಓದಿಲ್ಲ. ಯಹೂದಿಗಳ ಮೇಲೆ ಅಲ್ಲಿ ನಡೆದ ಬಲಾತ್ಕಾರ, ಇಲ್ಲಿ ಹಂಪಮ್ಮನ ಎದುರಿಗೆ ಬಂದು ನಿಲ್ಲುವ ಸಹಗಮನ, ಎರಡನ್ನೂ ಅಕ್ಕಪಕ್ಕ ಇಟ್ಟು ಯಾವ ದಡವನ್ನೂ ಮೇಲು ಮಾಡಲಿಲ್ಲ ನೋಡು, ಅದಕ್ಕೆ ಎದೆಗಾರಿಕೆ ಬೇಕು. ಕರಾವಳಿಯವರಿಗೆ ಈ ಕತೆ ದೂರದ್ದೂ ಅಲ್ಲ. 1510ರಲ್ಲಿ ಗೋವೆ ಹಿಡಿಯಲು ಪೋರ್ಚುಗೀಸರ ಅಲ್ಬುಕರ್ಕನಿಗೆ ನೆರವಾದ ತಿಮ್ಮಯ್ಯ ಹೊನ್ನಾವರದ ಕಡೆಯವನು. ಆಮೇಲೆ ಪೋರ್ಚುಗೀಸರ ಕಾಟಕ್ಕೆ ಗೋವೆ ಬಿಟ್ಟು ಕಾರವಾರ, ಅಂಕೋಲಾ, ಕುಮಟೆಗೆ ಬಂದು ನೆಲೆಸಿದ ಮನೆತನಗಳು ನನ್ನ ತವರಿನ ಕೇರಿಯಲ್ಲೇ ಇದ್ದವು. ದೇವರನ್ನು ಹೊತ್ತು ತಂದ ಕತೆಯನ್ನು ಆ ಮನೆಗಳ ಅಜ್ಜಿಯರು ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು.

ಮೆಚ್ಚಲಾಗದ್ದು ಎಂದರೆ, ಸಂಕಟದ ಮೇಲೆ ಸಂಕಟ ಪೇರಿಸುತ್ತಾರೆ. ಒಂದು ಸಾವಿಗೆ ಅತ್ತು ಮುಗಿಯುವ ಮೊದಲೇ ಮುಂದಿನ ಕ್ರೌರ್ಯ ಬಂದಿರುತ್ತದೆ. ಅರ್ಧ ದಾಟಿದ ಮೇಲೆ ನನ್ನ ಮನಸ್ಸು ಮರಗಟ್ಟಿತು. ನೋವಾಗಬೇಕಾದ ಕಡೆ ‘ಮುಂದೇನು’ ಎಂದು ಪುಟ ತಿರುಗಿಸುತ್ತಿದ್ದೆ. ಲಿಸ್ಬನ್ನಿನ ಬೆಲ್ಲಾಳಂಥ ಹುಡುಗಿಯ ಪಕ್ಕದಲ್ಲಿ ಓದುಗರು ಸ್ವಲ್ಪ ಸುಮ್ಮನೆ ಕೂರಲು ಪುರುಸೊತ್ತು ಕೊಡಬೇಕಿತ್ತು. ಹಾಗಿದ್ದೂ ಕಾಲೇಜಿಗೆ ಹೋಗುವ ಯಾರಾದರೂ ‘ಕನ್ನಡದಲ್ಲಿ ಏನು ಓದಲಿ’ ಎಂದರೆ ಕೈಗೆ ಇದನ್ನೇ ಕೊಡುತ್ತೇನೆ.

‘ಪುನರ್ವಸು’ವೂ ಗಜಾನನ ಶರ್ಮರದ್ದೇ. ಶರಾವತಿಗೆ ಹಿರೇಭಾಸ್ಕರ ಅಣೆಕಟ್ಟು ಬಂದದ್ದು, ಭಾರಂಗಿಯ ಕಡೆಯ ಮನೆ ತೋಟಗಳು ನೀರಿನ ಕೆಳಗೆ ಹೋದದ್ದು. ಆ ಅಣೆಕಟ್ಟೇ ಆಮೇಲೆ 1964ರಲ್ಲಿ ಆದ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು, ಗೊತ್ತಲ್ಲ? ಕಟ್ಟಿದವರ ಶ್ರಮವನ್ನು ಹಗುರ ಮಾಡದೆ ಮುಳುಗಿದವರ ಸಂಕಟ ಹೇಳಿದ್ದಾರೆ. ಮಾಹಿತಿ ಅಲ್ಲಲ್ಲಿ ಕತೆಯ ದಾರಿಗೆ ಅಡ್ಡ ಕೂರುತ್ತದೆ, ಕೆಲವು ಪುಟ ಇಲ್ಲದಿದ್ದರೂ ನಡೆಯುತ್ತಿತ್ತು. ಆದರೆ ನಮ್ಮ ಜಿಲ್ಲೆಯವಳಾಗಿ ಈ ಪುಸ್ತಕದ ಎದುರು ತಕ್ಕಡಿ ಹಿಡಿಯುವುದು ನನ್ನಿಂದಾಗದು. ಕಾಳಿ ನದಿಯ ಸೂಪಾ ಮುಳುಗಿದ ಮೇಲೆ ಬೇರೆ ಕಡೆ ಮನೆ ಕಟ್ಟಿಕೊಂಡ ಒಬ್ಬ ಹೆಂಗಸು ನಮ್ಮ ನೆಂಟರ ಪೈಕಿ ಮದುವೆಯಲ್ಲಿ ಸಿಗುತ್ತಿದ್ದರು. ಯಾವ ಊರು ಎಂದು ಯಾರಾದರೂ ಕೇಳಿದರೆ ಮುಳುಗಿದ ಊರಿನ ಹೆಸರನ್ನೇ ಹೇಳುವರು. ಎರಡು ಅಧ್ಯಾಯ ಓದುವಷ್ಟರಲ್ಲಿ ಅವರ ಮುಖ ಕಣ್ಣೆದುರು ಬಂತು, ಕೊನೆಯವರೆಗೂ ಹೋಗಲಿಲ್ಲ.

ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ ನಿನಗೆ ಸೇರಲಿಲ್ಲ ಎಂದೆ. ‘ಕೊನೆಗೆ ಏನೂ ಗೊತ್ತಾಗುವುದಿಲ್ಲ’ ಎಂದು ಸಿಟ್ಟು ಮಾಡಿದ್ದೆ. ನನಗೆ ನಾಲ್ಕರಲ್ಲಿ ಹೆಚ್ಚು ಹಿಡಿಸಿದ್ದು ಅದೇ. ಯಾರೋ ಹುಡುಗರು ಬಾಗಿಲು ಬಡಿದು ಮಗಳು ರೇಖಾಳನ್ನು ಕೇಳುತ್ತಾರೆ, ಅಷ್ಟಕ್ಕೇ ವೆಂಕಟರಮಣನ ಸಂಸಾರ ಅಲುಗಾಡತೊಡಗುತ್ತದೆ. ಅವನು ಕೆಟ್ಟವನಲ್ಲ. ಕಷ್ಟಪಟ್ಟು ಓದಿ ಮೇಲೆ ಬಂದವನು, ಹೆಂಡತಿಗೂ ಮಗಳಿಗೂ ಸ್ವಾತಂತ್ರ್ಯ ಕೊಟ್ಟಿದ್ದೇನೆಂದು ಪ್ರಾಮಾಣಿಕವಾಗಿ ನಂಬಿದವನು. ಆ ‘ಕೊಟ್ಟಿದ್ದೇನೆ’ಯ ಒಳಗೆ ಏನಿದೆ ಎಂಬುದನ್ನು ಲೇಖಕರು ಒಂದು ದೊಡ್ಡ ಮಾತೂ ಆಡದೆ ತೋರಿಸುತ್ತಾರೆ. ಕತೆಯನ್ನೆಲ್ಲ ಹೇಳುವವನು ಅವನು. ಹೆಂಡತಿ ವಿಜಿ ಏನು ಯೋಚಿಸಿದಳು, ರೇಖಾ ಯಾಕೆ ಹಾಗೆ ಮಾಡಿದಳು ಎಂಬುದು ಅವನ ಕಣ್ಣಿಗೆ ಬಿದ್ದಷ್ಟೇ ನಮಗೂ. ಗೊತ್ತಾಗುವುದಿಲ್ಲ ಎಂಬ ನಿನ್ನ ಸಿಟ್ಟು ಸರಿಯೇ. ಆದರೆ ಗೊತ್ತಾಗದೇ ಇರುವುದು ಆ ಅಪ್ಪನಿಗೆ. ಲೇಖಕರು ಕೊನೆಯಲ್ಲಿ ಎಲ್ಲ ಬಿಡಿಸಿ ಹೇಳಿದ್ದರೆ ಅವನಿಗಿಂತ ನಾವು ಜಾಣರು ಎಂದುಕೊಂಡು ಪುಸ್ತಕ ಮುಚ್ಚುತ್ತಿದ್ದೆವು.

ಓದುವಾಗ ನನಗೆ ಪದೇ ಪದೇ ವಿಜಿಯ ಮೇಲೆ ಕಣ್ಣು ಹೋಗುತ್ತಿತ್ತು. ಅವಳು ಸುಮ್ಮನಿದ್ದಾಳೆ ಎಂದು ಅವನು ಹೇಳುವ ಕಡೆಗಳಲ್ಲಿ ನಿಲ್ಲಿಸಿ ಮತ್ತೆ ಓದಿದೆ. ನನ್ನ ವಯಸ್ಸಿನವರು ಹಾಗೆ ಓದುತ್ತಾರೇನೋ. ನೀನು ರೇಖಾಳ ಹತ್ತಿರದ ವಯಸ್ಸಿನವಳು. ಇನ್ನೊಂದು ಸಲ ಓದು, ಅವಳ ಕಡೆ ನಿಂತು. ಅವಳು ಅಪ್ಪನಿಗೆ ಹೇಳದೆ ಉಳಿಸಿಕೊಂಡದ್ದು ಸರಿಯೋ ತಪ್ಪೋ, ನನಗೆ ಬರೆ. ನೀನು ನಮಗೆ ಹೇಳದೆ ಇಟ್ಟುಕೊಂಡದ್ದು ಏನಾದರೂ ಇದ್ದರೆ ಅದನ್ನು ಬರೆಯಲೇಬೇಕೆಂದಿಲ್ಲ.

‘ಪುನರ್ವಸು’ ಪಕ್ಕದ ಮನೆಗೆ ಹೋಗಿದೆ, ಉಳಿದ ಮೂರು ನಿನ್ನ ಅಪ್ಪಯ್ಯ ಬೆಂಗಳೂರಿಗೆ ಬರುವಾಗ ತರುತ್ತಾರೆ. ಜೊತೆಗೆ ನನ್ನ ‘ಶಿಕಾರಿ’ಯನ್ನೂ ಇಡುತ್ತೇನೆ, ಬೈಂಡು ಬಿಟ್ಟಿದೆ, ಜೋಪಾನ. ಮುಂದಿನ ಸಲ ಹೆಂಗಸರು ಬರೆದ ಹೊಸ ಕಾದಂಬರಿ ಕಳಿಸು. ಈ ನಾಲ್ಕನ್ನೂ ಬರೆದವರು ಗಂಡಸರೇ.

ನಿನ್ನ,
ಆಯಿ