ಟ್ರ್ಯಾಕ್ ಬೇಡ, ಹಾರ್ಮೋನಿಯಂ ಇರಲಿ

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ ಕಡೆ ಮದುವೆ, ಗಣಪತಿ ಹಬ್ಬಕ್ಕೆ ಮೈಕ್ ಸೆಟ್ ಹಾಕುವವನು ನಾನು. 2005ರಲ್ಲಿ ಸಿ. ಅಶ್ವತ್ಥ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಭಾವಗೀತೆ ಕೇಳಲು ಜನಸಾಗರವನ್ನೇ ಸೇರಿಸಿದ್ದರು. ಅಂಥದ್ದೊಂದು ಸಂಜೆ ಶಿವಮೊಗ್ಗದಲ್ಲೂ ಆಗಬೇಕು.

ಅಶ್ವತ್ಥ್ 2009ರಲ್ಲಿ ಹೋದರು, ನಮ್ಮ ಶಿವಮೊಗ್ಗ ಸುಬ್ಬಣ್ಣ 2022ರಲ್ಲಿ. ಹಿನ್ನೆಲೆ ಗಾಯನಕ್ಕೆ ಕನ್ನಡಕ್ಕೆ ಮೊದಲ ರಾಷ್ಟ್ರಪ್ರಶಸ್ತಿ ತಂದ ದನಿ ಸುಬ್ಬಣ್ಣನವರದು. ಅವರ ಜೊತೆ ಹಾಡಿದ ರತ್ನಮಾಲಾ ಪ್ರಕಾಶ್, ಅಶ್ವತ್ಥ್ ಜೊತೆ ಹಾಡಿದ ಎಂ.ಡಿ. ಪಲ್ಲವಿ ಇದ್ದಾರಲ್ಲ, ಒಂದೇ ವೇದಿಕೆಗೆ ಕರೆಸಿ.

ಆದರೆ ಪೆನ್‌ಡ್ರೈವ್ ಟ್ರ್ಯಾಕ್, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯಗಳ ಸಂಗೀತ, ಖಂಡಿತ ಬೇಡ. ಈಗ ಎಲ್ಲಿ ನೋಡಿದರೂ ಅದೇ. ಹಾಡುವವರು ಒಂದು ಸಾಲಿನಲ್ಲಿ ಕೊಂಚ ನಿಂತರೂ ಟ್ರ್ಯಾಕ್ ಕಾಯುವುದಿಲ್ಲ, ಮುಂದೆ ಓಡುತ್ತದೆ. ಹಾರ್ಮೋನಿಯಂ ನುಡಿಸುವವರಾದರೆ ಹಾಡುವವರ ಮುಖ ನೋಡಿ ಕಾಯುತ್ತಾರೆ. ತಬಲಾ, ಕೊಳಲು ಎದುರಿಗೇ ಇರಲಿ. ಕಾರ್ಯಕ್ರಮ ಮಳೆಗಾಲದಲ್ಲಿ ಮಾತ್ರ ಇಡಬೇಡಿ. ನಮ್ಮ ಥಂಡಿಗೆ ತಬಲಾದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ.

ಅಡಿಕೆ ಕೊಯ್ಲು ಮುಗಿದ ಮೇಲೆ ಕುವೆಂಪು ರಂಗಮಂದಿರದಲ್ಲಿ ಮಾಡಬಹುದು, ಅಲ್ವಾ? ಟಿಕೆಟ್ ಸಾವಿರ ರೂಪಾಯಿ ಇಟ್ಟರೂ ಮನೆಮಂದಿಯನ್ನೆಲ್ಲ ಕರೆದುಕೊಂಡು ಬರುತ್ತೇನೆ. ಕೊನೇ ಬಸ್ಸು ಸಿಗುವ ಹೊತ್ತಿಗೆ ಮುಗಿಸಿ, ಹಳ್ಳಿಯವರೂ ಜಾಸ್ತಿ ಬರುತ್ತಾರೆ.

– ಒಬ್ಬ ಓದುಗ, ತೀರ್ಥಹಳ್ಳಿ