ಯಾವ ಅಭ್ಯರ್ಥಿಯೂ ಹಿಡಿಸದಿದ್ದಾಗ

ಗುಂಪಿನ ಸದಸ್ಯರ ಗಮನಕ್ಕೆ,

ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ಯಾರೂ ಒಪ್ಪಿಗೆಯಾಗದಿದ್ದರೆ ಮನೆಯಲ್ಲೇ ಉಳಿಯಬೇಕೇ, ಮತ ಕೆಡಿಸಬೇಕೇ ಎಂದು ಕೆಲವರು ಕೇಳಿದ್ದೀರಿ. ಮತಯಂತ್ರದಲ್ಲಿ ಕೆಡಿಸಲು ಅವಕಾಶವೇ ಇಲ್ಲ. ಅಂಚೆ ಮತಪತ್ರವನ್ನು ಗೀಚಿ ಕೆಡಿಸಿದರೆ ಅದು ಅಸಿಂಧು ಮತಗಳ ಕಟ್ಟಿಗೆ ಸೇರುತ್ತದೆ, ಸಿಟ್ಟಿನಿಂದಲೋ ಕೈತಪ್ಪಿನಿಂದಲೋ ಯಾರಿಗೂ ತಿಳಿಯದು. 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಅಭ್ಯರ್ಥಿಗಳ ಪಟ್ಟಿಯ ಕೊನೆಗೆ ಸೇರಿದ ‘ನೋಟಾ’ (ಮೇಲಿನ ಯಾರೂ ಅಲ್ಲ) ಮಾತ್ರ ನಮ್ಮ ಅಸಮ್ಮತಿಯನ್ನು, ಗೋಪ್ಯತೆಗೆ ಧಕ್ಕೆಯಾಗದಂತೆ, ಪ್ರತ್ಯೇಕವಾಗಿ ಎಣಿಕೆಗೆ ತರುತ್ತದೆ. ಫಲಿತಾಂಶವನ್ನು ಅದೂ ಬದಲಿಸದು: 2024ರಲ್ಲಿ ಇಂದೋರ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ನೋಟಾ ಒತ್ತಿದರೂ ಗೆದ್ದವರು ಗೆದ್ದೇ ಗೆದ್ದರು. ಆದರೆ 2023ರಲ್ಲಿ ಜಯನಗರ ಕ್ಷೇತ್ರ ಕೇವಲ 16 ಮತಗಳ ಅಂತರದಲ್ಲಿ ತೀರ್ಮಾನವಾದುದನ್ನು ನೆನೆದರೆ, ಒಬ್ಬರಾದರೂ ತುಸು ವಾಸಿ ಎನಿಸಿದಲ್ಲಿ ಅವರಿಗೇ ಮತ ನೀಡುವುದು, ಅದೂ ಸಾಧ್ಯವಾಗದಿದ್ದರೆ ನೋಟಾ ಒತ್ತುವುದು ಸೂಕ್ತವೆಂದು ನನ್ನ ಅಭಿಪ್ರಾಯ. ಈ ವಿಷಯದ ನೆಪದಲ್ಲಿ ಗುಂಪಿನಲ್ಲಿ ಯಾರ ಪರವೂ ಪ್ರಚಾರ ಮಾಡಬಾರದಾಗಿ ವಿನಂತಿ.