ತಾಳೆ ಕಾಡು ಉಳಿಸಬೇಕಾದರೆ ಮೊದಲು ಸಸಿ ಎಣಿಸಿ

ಮಾನ್ಯ ಸಂಪಾದಕರೇ,

ಯಾವ ತಾಳೆ ಕಾಡನ್ನು ಮೊದಲು ಉಳಿಸಬೇಕು ಅನ್ನೋ ಪ್ರಶ್ನೆ ಬಂದಾಗ ನಿಂತಿರುವ ದೊಡ್ಡ ಮರಗಳ ಲೆಕ್ಕವನ್ನಷ್ಟೇ ನಂಬಬಾರದು. ಆ ಮರಗಳ ಕೆಳಗೆ ಸಸಿ ಇದೆಯಾ, ಅದು ಬೆಳೀತಾ ಇದೆಯಾ ಅಂತ ಬಗ್ಗಿ ನೋಡಬೇಕು.

ಕೊಲಂಬಿಯಾದ ಮೇಣದ ತಾಳೆಯನ್ನೇ ನೋಡಿ. ಪ್ರಪಂಚದ ತಾಳೆ ಜಾತಿಗಳಲ್ಲೇ ಅತಿ ಎತ್ತರದ್ದು, 60 ಮೀಟರ್‌ವರೆಗೂ ಹೋಗುತ್ತದೆ. 1985ರಲ್ಲಿ ಅದನ್ನು ದೇಶದ ರಾಷ್ಟ್ರೀಯ ಮರ ಅಂತ ಕಾನೂನು ಮಾಡಿ ಘೋಷಿಸಿದರು, ಕಡಿಯುವುದನ್ನೂ ನಿಷೇಧಿಸಿದರು. ಅಲ್ಲಿನ ಕೊಕೊರಾ ಕಣಿವೆಯ ಫೋಟೋ ಎಲ್ಲರೂ ನೋಡಿರ್ತಾರೆ, ಹಸಿರು ಹುಲ್ಲುಗಾವಲಿನ ನಡುವೆ ಕಂಬ ನೆಟ್ಟ ಹಾಗೆ ನಿಂತ ತಾಳೆಗಳು. ಆದರೆ ಅದೇ ಫೋಟೋದಲ್ಲಿ ಎಳೆಯ ಮರ ಹುಡುಕಿ, ಸಿಗುವುದು ಕಷ್ಟ. ಕಾಡು ಕಡಿದು ಹುಲ್ಲುಗಾವಲು ಮಾಡಿದ ಮೇಲೆ ಬಿದ್ದ ಬೀಜ ಮೊಳೆತರೂ ಒಂದೋ ದನ ತಿನ್ನುತ್ತದೆ, ಇಲ್ಲವೇ ನೆರಳಿಲ್ಲದೆ ಬಿಸಿಲಿಗೆ ಸುಟ್ಟುಹೋಗುತ್ತದೆ. ಈಗ ಕಾಣುವ ಮರಗಳೆಲ್ಲ ಮುದಿಯಾಗಿ ಬಿದ್ದ ಮೇಲೆ ಅವುಗಳ ಜಾಗಕ್ಕೆ ಬರುವವರೇ ಇಲ್ಲ. ಆ ಮರಗಳ ಟೊಳ್ಳಿನಲ್ಲಿ ಗೂಡು ಕಟ್ಟುವ ಹಳದಿ ಕಿವಿಯ ಗಿಳಿಯ ಗತಿಯೂ ಅಷ್ಟೇ.

ಮಾರಿಷಸ್‌ನಲ್ಲಿ ಇನ್ನೂ ಕೆಟ್ಟ ಸ್ಥಿತಿ. ಅಲ್ಲಿನ ಒಂದು ತಾಳೆ ಜಾತಿಯಲ್ಲಿ ಉಳಿದಿರುವುದು ಒಂದೇ ಒಂದು ಮರ, ಕ್ಯೂರ್‌ಪೀಪ್ ಸಸ್ಯೋದ್ಯಾನದಲ್ಲಿ. ಅದು ಹೂ ಬಿಡುತ್ತದೆ, ಆದರೆ ಗಂಡು ಹೂ ಮತ್ತು ಹೆಣ್ಣು ಹೂ ಬೇರೆ ಬೇರೆ ಸಮಯಕ್ಕೆ ಅರಳುವುದರಿಂದ ತನ್ನ ಪರಾಗ ತನಗೇ ಸಿಗುವುದು ಕಷ್ಟ. ಅಂಥ ಹಂತಕ್ಕೆ ಬಂದ ಮೇಲೆ ಎಷ್ಟು ದುಡ್ಡು ಸುರಿದರೂ ಪ್ರಯೋಜನ ಕಡಿಮೆ, ಅಲ್ವಾ? ಸಸಿ ಇನ್ನೂ ಏಳುತ್ತಿರುವ ಕಾಡಿಗೆ ಬೇಗ ಬೇಲಿ ಹಾಕಿದರೆ ಅದೇ ದುಡ್ಡಿಗೆ ಫಲ ಜಾಸ್ತಿ.

ಬೀಜ ಬ್ಯಾಂಕಿನಲ್ಲಿ ಇಟ್ಟುಕೊಂಡರಾಯಿತು ಅನ್ನುವವರೂ ಇದ್ದಾರೆ. ಅನೇಕ ತಾಳೆ ಜಾತಿಗಳಲ್ಲಿ ಅದು ನಡೆಯುವುದಿಲ್ಲ. ಬೀಜ ಒಣಗಿದರೆ ಸತ್ತೇ ಹೋಗುತ್ತದೆ, ಹಾಗಾಗಿ ಒಣಗಿಸಿ ಶೀತದಲ್ಲಿ ಕೂಡಿಡಲಾಗದು. ಮರ ಕಡಿದರೆ ಬುಡದಿಂದ ಚಿಗುರುತ್ತದೆ ಅನ್ನುವ ಹಾಗೂ ಇಲ್ಲ, ಒಂಟಿ ಕಾಂಡದ ತಾಳೆಗೆ ಇರುವುದೊಂದೇ ಸುಳಿ, ಅದನ್ನು ಯಾರಾದರೂ ತಿನ್ನಲು ಕಡಿದರೆ ಮರ ಮುಗಿಯಿತು.

ಮಡಗಾಸ್ಕರ್‌ನ ಸುಮಾರು 190 ತಾಳೆ ಜಾತಿಗಳಲ್ಲಿ ಶೇ 83ರಷ್ಟು ಅಪಾಯದಲ್ಲಿವೆ ಅಂತ 2012ರಲ್ಲೇ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಹೇಳಿತ್ತು. ಎಲ್ಲವನ್ನೂ ಒಟ್ಟಿಗೆ ಕಾಯುವಷ್ಟು ಜನ, ಹಣ ಯಾರ ಹತ್ತಿರವೂ ಇಲ್ಲ. ಹಾಗಾಗಿ ಆರಿಸಲೇಬೇಕು. ಆರಿಸುವಾಗ ಅಲ್ಲಿನ ಹಳ್ಳಿಯವರನ್ನೂ ಕೂರಿಸಿಕೊಳ್ಳಿ. ಯಾವ ಕಡೆ ಸಸಿ ಏಳುತ್ತಿದೆ, ಯಾರು ಬೆಂಕಿ ಹಚ್ಚುತ್ತಾರೆ, ದನ ಯಾವ ದಾರಿಯಲ್ಲಿ ಬರುತ್ತದೆ ಅನ್ನುವುದು ಅವರಿಗೆ ಗೊತ್ತು.

ಇನ್ನು ಮುಂದೆ ಇಂಥ ಕಾಡುಗಳ ವರದಿ ಪ್ರಕಟಿಸುವಾಗ ಮರ ಎಷ್ಟಿವೆ ಅನ್ನುವ ಜೊತೆಗೆ ಸಸಿ ಎಷ್ಟಿವೆ ಅಂತಲೂ ಕೇಳಿ ಬರೆಯಿರಿ ಎಂದು ನಿಮ್ಮ ವರದಿಗಾರರಲ್ಲಿ ನನ್ನ ವಿನಂತಿ.

– ನಿಮ್ಮ ಪತ್ರಿಕೆಯ ಓದುಗರೊಬ್ಬರು